ಗಾಂಜಾ ಕೇಸಾದರೆ ಜೈಲೇ ಗತಿಯಾ? ಜೈಲಿನ ಬದಲು ಚಿಕಿತ್ಸೆ ಕೇಳುವುದು ಹೇಗೆ: ಬಳ್ಳಾರಿ, ರಾಯಚೂರು, ಕೊಪ್ಪಳದವರಿಗೆ ಹಂತ ಹಂತವಾಗಿ

ವಾರಕ್ಕೆ ಎರಡು ಮೂರು ಫೋನ್ ಬಂದೇ ಬರುತ್ತವೆ. ಒಮ್ಮೆ ಸಿಂಧನೂರಿನಿಂದ, ಒಮ್ಮೆ ಗಂಗಾವತಿಯಿಂದ, ಒಮ್ಮೆ ಇಲ್ಲೇ ಬಳ್ಳಾರಿಯಿಂದ. ಕೇಳುವವರು ಅವ್ವ ಇರಬಹುದು, ಅಣ್ಣ ಇರಬಹುದು, ಪ್ರಶ್ನೆ ಮಾತ್ರ ಒಂದೇ. "ನಮ್ಮ ಹುಡುಗ ಗಾಂಜಾ ಕೇಸಲ್ಲಿ ಸಿಕ್ಕಿದಾನ್ರಿ. ತಪ್ಪಾಯ್ತು ಅಂತ ಒಪ್ಕೊಂಡು ದಂಡ ಕಟ್ಟಿಬಿಟ್ರೆ ಮುಗೀತದ ಅಂತಾರ. ಕಟ್ಟಿಬಿಡ್ಲಾ?"

ಇನ್ನೂ ಕಟ್ಟಬೇಡಿ. ಮೊದಲು ಇದನ್ನು ಓದಿ. ನಾನು ವಕೀಲನಲ್ಲ, ಕಾನೂನು ನೆರವಿನ ಕೆಲಸದಲ್ಲಿ ಕೈಜೋಡಿಸಿರುವ ಸ್ವಯಂಸೇವಕ. ನಿಮ್ಮ ಕೇಸಿನ ಕೊನೆಯ ಮಾತು ನಿಮ್ಮ ವಕೀಲರದ್ದೇ. ಆದರೆ ವಕೀಲರ ಹತ್ತಿರ ಹೋದಾಗ ಏನು ಕೇಳಬೇಕು ಅನ್ನುವುದೇ ಬಹಳ ಮನೆಗಳಿಗೆ ಗೊತ್ತಿರುವುದಿಲ್ಲ. ಹಾಗಾಗಿ ಇಷ್ಟುದ್ದ ಬರೆಯುತ್ತಿದ್ದೇನೆ.

ಕಾನೂನು ಏನು ಹೇಳುತ್ತದೆ?

ಗಾಂಜಾ, ಅಫೀಮು, ಹೆರಾಯಿನ್, ಎಂಡಿಎಂಎ, ಕೆಲವು ನಿದ್ದೆ ಮಾತ್ರೆ ಮತ್ತು ನೋವಿನ ಮಾತ್ರೆಗಳು, ಇವೆಲ್ಲ ಬರುವುದು 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ, ಅಂದರೆ ಮಾದಕ ವಸ್ತುಗಳ ಕಾಯ್ದೆಯಲ್ಲಿ. ಈ ಕಾಯ್ದೆ ಅಂದರೆ ಜನರಿಗೆ ನೆನಪಾಗುವುದು ಹತ್ತು ವರ್ಷ, ಇಪ್ಪತ್ತು ವರ್ಷದ ಶಿಕ್ಷೆ. ಅದು ದೊಡ್ಡ ಪ್ರಮಾಣದ ಮಾಲು ಸಾಗಿಸುವವರಿಗೆ. ಇದೇ ಕಾಯ್ದೆಯೊಳಗೆ ಚಟಕ್ಕೆ ಬಿದ್ದವರಿಗೆ ಎರಡು ಬಾಗಿಲುಗಳಿವೆ.

ಒಂದು, ಸೆಕ್ಷನ್ 64ಎ. ಈಗಿರುವ ರೂಪದಲ್ಲಿ ಇದು ಬಂದದ್ದು 2001ರ ತಿದ್ದುಪಡಿಯಿಂದ. ಮಾದಕ ವಸ್ತು ಸೇವಿಸಿದ ಕೇಸು ಅಥವಾ 'ಸಣ್ಣ ಪ್ರಮಾಣ'ದ ಕೇಸು ಬಿದ್ದಿರುವ ವ್ಯಸನಿ, ತಾನಾಗಿಯೇ ಮುಂದೆ ಬಂದು, ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ನಡೆಸುವ ಇಲ್ಲವೇ ಮಾನ್ಯ ಮಾಡಿರುವ ಆಸ್ಪತ್ರೆಯಲ್ಲಿ ಚಟ ಬಿಡುವ ಚಿಕಿತ್ಸೆ ಪಡೆದರೆ, ಅವನ ಮೇಲೆ ಆ ಕೇಸು ನಡೆಸುವಂತಿಲ್ಲ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಈ ರಕ್ಷಣೆಯನ್ನು ವಾಪಸ್ ಪಡೆಯಬಹುದು. ಇಷ್ಟೇ ಸೆಕ್ಷನ್. ಎರಡೇ ಪ್ಯಾರಾ. ಆದರೆ ಇದರಲ್ಲಿರುವ ಒಂದೊಂದು ಪದಕ್ಕೂ ತೂಕವಿದೆ, ಅದನ್ನೇ ಮುಂದೆ ಬಿಡಿಸಿ ಹೇಳುತ್ತೇನೆ.

ಇನ್ನೊಂದು, ಸೆಕ್ಷನ್ 39. ಕೋರ್ಟು ವಿಚಾರಣೆ ನಡೆಸಿ 'ತಪ್ಪಿತಸ್ಥ' ಅಂದ ಮೇಲೆ ತೆರೆಯುವ ಬಾಗಿಲು ಇದು. ಜೈಲಿಗೆ ಕಳಿಸುವ ಬದಲು, ಅವನ ಒಪ್ಪಿಗೆ ಪಡೆದು, ಬಾಂಡ್ ಬರೆಸಿಕೊಂಡು ಚಿಕಿತ್ಸೆಗೆ ಕಳಿಸಬಹುದು.

ಮೊದಲನೆಯದರಲ್ಲಿ ತಪ್ಪಿತಸ್ಥ ಅನ್ನುವ ಹಣೆಪಟ್ಟಿಯೇ ಬೀಳುವುದಿಲ್ಲ, ಎರಡನೆಯದರಲ್ಲಿ ಬೀಳುತ್ತದೆ. ಆದ್ದರಿಂದ ಮೊದಲು ಕೇಳಬೇಕಾದದ್ದು 64ಎ. ಇದು ತಾನಾಗಿಯೇ ಸಿಗುವುದಿಲ್ಲ. ಪೊಲೀಸರು ಹೇಳಬೇಕೆಂದಿಲ್ಲ, ಕೋರ್ಟು ಕೇಳಬೇಕೆಂದಿಲ್ಲ. ನೀವು ಕೇಳಬೇಕು.

ಹಂತ 1: ಎಫ್‌ಐಆರ್ ಕೈಯಲ್ಲಿ ಹಿಡಿದು ಎರಡು ವಿಷಯ ನೋಡಿ

ಎಫ್‌ಐಆರ್ ನಕಲು ಪಡೆಯುವುದು ನಿಮ್ಮ ಹಕ್ಕು. ಸಿಕ್ಕ ಕೂಡಲೇ ಹಾಕಿರುವ ಸೆಕ್ಷನ್ ಯಾವುದು, ಬರೆದಿರುವ ತೂಕ ಎಷ್ಟು, ಇವೆರಡನ್ನು ನೋಡಿ.

ಬರೀ ಸೇವನೆ ಅಂತಿದ್ದರೆ ಸೆಕ್ಷನ್ 27 ಇರುತ್ತದೆ. ಕೊಕೇನ್, ಮಾರ್ಫಿನ್, ಹೆರಾಯಿನ್ ಥರದ್ದಾದರೆ 27(ಎ) ಉಪಕಲಂ: ಒಂದು ವರ್ಷದವರೆಗೆ ಜೈಲು, ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಗಾಂಜಾ ಮುಂತಾದ ಉಳಿದವಕ್ಕೆ 27(ಬಿ) ಉಪಕಲಂ: ಆರು ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಇಲ್ಲೊಂದು ಗೊಂದಲವಿದೆ, ದಯವಿಟ್ಟು ನಿಧಾನವಾಗಿ ಓದಿ. ಸೆಕ್ಷನ್ 27ರ 'ಎ' ಉಪಕಲಂ ಬೇರೆ, 'ಸೆಕ್ಷನ್ 27ಎ' ಅನ್ನುವ ಪ್ರತ್ಯೇಕ ಸೆಕ್ಷನ್ ಬೇರೆ. ಎರಡನೆಯದು ಈ ದಂಧೆಗೆ ಹಣ ಹಾಕುವವರ ಮೇಲೆ ಬೀಳುವುದು, ಅದರ ಶಿಕ್ಷೆ ಹತ್ತು ವರ್ಷದಿಂದ ಶುರುವಾಗುತ್ತದೆ. ನಿಮ್ಮ ಕಾಗದದಲ್ಲಿ 'ಎ' ಅಕ್ಷರ ಬ್ರಾಕೆಟ್ಟಿನೊಳಗೆ ಇದೆಯಾ, ಹೊರಗೆ ಅಂಟಿಕೊಂಡಿದೆಯಾ ಅಂತ ವಕೀಲರಿಗೆ ತೋರಿಸಿ ಖಚಿತ ಮಾಡಿಕೊಳ್ಳಿ. ಇದೊಂದು ಅಕ್ಷರಕ್ಕೆ ಮನೆಮಂದಿ ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದನ್ನು ನೋಡಿದ್ದೇನೆ.

ಇನ್ನು ತೂಕ. ಕಾಯ್ದೆಯ ಪ್ರಕಾರ ಪ್ರತಿ ವಸ್ತುವಿಗೂ 'ಸಣ್ಣ ಪ್ರಮಾಣ' ಮತ್ತು 'ವಾಣಿಜ್ಯ ಪ್ರಮಾಣ' ಅಂತ ಎರಡು ಗೆರೆಗಳಿವೆ. ಗಾಂಜಾಕ್ಕೆ ಸಣ್ಣ ಪ್ರಮಾಣ ಅಂದರೆ 1 ಕಿಲೋ ಒಳಗೆ, ಚರಸ್‌ಗೆ 100 ಗ್ರಾಂ ಒಳಗೆ, ಅಫೀಮಿಗೆ 25 ಗ್ರಾಂ, ಹೆರಾಯಿನ್‌ಗೆ 5 ಗ್ರಾಂ, ಕೊಕೇನ್‌ಗೆ 2 ಗ್ರಾಂ, ಎಂಡಿಎಂಎಗೆ ಬರೀ ಅರ್ಧ ಗ್ರಾಂ. ಈ ಗೆರೆಯ ಒಳಗಿದ್ದರೆ 64ಎ ಕೇಳಬಹುದು. ಗೆರೆ ದಾಟಿದ್ದರೆ ಈ ಲೇಖನದ ದಾರಿ ನಿಮಗೆ ಆಗಿಬರುವುದಿಲ್ಲ, ನೇರವಾಗಿ ಒಳ್ಳೆಯ ಕ್ರಿಮಿನಲ್ ವಕೀಲರನ್ನು ನೋಡಿ.

ಮಾತ್ರೆಗಳ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. ಟ್ರಮಡಾಲ್ ಅನ್ನುವ ನೋವಿನ ಔಷಧ 2018ರಲ್ಲಿ ಈ ಕಾಯ್ದೆಯೊಳಗೆ ಬಂತು, ಅದರ ಸಣ್ಣ ಪ್ರಮಾಣ 5 ಗ್ರಾಂ. ತೂಕ ಹಾಕುವಾಗ ಒಳಗಿನ ಔಷಧವನ್ನಷ್ಟೇ ಅಲ್ಲ, ಬೆರೆಸಿದ ಹಿಟ್ಟು ಗಿಟ್ಟು ಎಲ್ಲ ಸೇರಿಸಿಯೇ ಲೆಕ್ಕ ಹಾಕಬೇಕು ಅಂತ ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ಹಾಗಾಗಿ ಕೆಲವೇ ಸ್ಟ್ರಿಪ್ ಮಾತ್ರೆ ಇದ್ದರೂ ಗೆರೆ ದಾಟಿಬಿಡಬಹುದು.

ಗಾಂಜಾದಲ್ಲೂ ಒಂದು ಸೂಕ್ಷ್ಮವಿದೆ. ಕಾನೂನಿನ ಕಣ್ಣಲ್ಲಿ ಗಾಂಜಾ ಅಂದರೆ ಗಿಡದ ಹೂವಿನ, ಕಾಯಿಯ ತುದಿ. ತುದಿಯ ಜೊತೆಗಿಲ್ಲದ ಬರೀ ಬೀಜ, ಬರೀ ಎಲೆ ಗಾಂಜಾ ಅಲ್ಲ. ಪಂಚನಾಮೆಯಲ್ಲಿ ಕಡ್ಡಿ, ಎಲೆ, ಬೀಜ ಎಲ್ಲ ಸೇರಿಸಿ ತೂಗಿದ್ದಾರಾ ಅಂತ ವಕೀಲರು ನೋಡಲಿ.

ರಾಯಚೂರು ಕಡೆಯವರಿಗೆ: ಸಿಎಚ್ ಪೌಡರ್ ಸೇಂದಿ ಕೇಸು ಬೇರೆ

ಗಡಿ ಹಳ್ಳಿಗಳಿಂದ ಈ ಪ್ರಶ್ನೆ ಬಹಳ ಬರುತ್ತದೆ. ಸೇಂದಿಗೆ ಬೆರೆಸುವ ಸಿಎಚ್ ಪೌಡರ್ ಅಂದರೆ ಕ್ಲೋರಲ್ ಹೈಡ್ರೇಟ್. ಇದು ಎನ್‌ಡಿಪಿಎಸ್ ಪಟ್ಟಿಯಲ್ಲಿ ಇಲ್ಲ. ಕೇಸು ಬೀಳುವುದು ಅಬಕಾರಿ ಕಾಯ್ದೆಯಡಿ, ಹಾಗಾಗಿ 64ಎ ಅದಕ್ಕೆ ಹೊಂದುವುದಿಲ್ಲ. ಆದರೆ ಸೇಂದಿಯಲ್ಲಿ ಅಲ್ಪ್ರಾಜೋಲಂ ಅಥವಾ ಡಯಾಜೆಪಾಮ್ ಬೆರೆತಿದೆ ಅಂತ ಲ್ಯಾಬ್ ವರದಿ ಹೇಳಿದರೆ ಅದು ಎನ್‌ಡಿಪಿಎಸ್ ಆಗುತ್ತದೆ.

ಕೇಸು ಯಾವುದೇ ಇರಲಿ, ಇದೊಂದನ್ನು ನೆನಪಿಡಿ. ವರ್ಷಗಟ್ಟಲೆ ಇಂಥ ಸೇಂದಿ ಕುಡಿದವರು, ನಿದ್ದೆ ಮಾತ್ರೆ ನುಂಗಿದವರು ಒಮ್ಮೆಲೇ ನಿಲ್ಲಿಸಿದರೆ ಪಿಟ್ಸ್ ಬರುತ್ತದೆ, ಕೈಕಾಲು ನಡುಗುತ್ತದೆ, ಇಲ್ಲದ್ದೆಲ್ಲ ಕಂಡಂತಾಗಿ ಬಡಬಡಿಸುತ್ತಾರೆ. ಜೀವಕ್ಕೇ ಅಪಾಯ. ಮನೆಯಲ್ಲಿ ಕೂಡಿಹಾಕಿ ಬಿಡಿಸಲು ಹೋಗಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಲ್ಲಿ ಡಾಕ್ಟರು ಡೋಸನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬರುತ್ತಾರೆ.

ಹಂತ 2: ಹಿಡಿದ ದಿನವೇ ಮಾಡಬೇಕಾದ್ದು

ಬಂಧಿಸಿದರೆ ಕಾರಣವನ್ನು ಲಿಖಿತವಾಗಿ ಕೊಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಸಣ್ಣ ಪ್ರಮಾಣದ ಕೇಸಿನಲ್ಲಿ ಎಷ್ಟೋ ಸಲ ಬಂಧಿಸುವುದೇ ಇಲ್ಲ, ಹಾಜರಾಗು ಅಂತ ನೋಟಿಸ್ ಕೊಟ್ಟು ಕಳಿಸುತ್ತಾರೆ. ಆ ನೋಟಿಸ್ ಬಂದರೆ ತಪ್ಪಿಸಿಕೊಂಡು ಬೆಂಗಳೂರಿಗೋ ಹೈದರಾಬಾದಿಗೋ ಓಡಬೇಡಿ. ಓಡಿದರೆ ಬಂಧನಕ್ಕೆ ನೀವೇ ಕಾರಣ ಕೊಟ್ಟಂತೆ.

ಈ ಕಾಯ್ದೆಯಲ್ಲಿ ಜಾಮೀನು ಸಿಗುವುದೇ ಇಲ್ಲ ಅನ್ನುವುದು ಅರ್ಧ ಸತ್ಯ. ಸೆಕ್ಷನ್ 37ರ ಬಿಗಿಯಾದ ಜಾಮೀನು ಷರತ್ತುಗಳು ವಾಣಿಜ್ಯ ಪ್ರಮಾಣಕ್ಕೆ ಮತ್ತು ಕೆಲವು ಗಂಭೀರ ಅಪರಾಧಗಳಿಗೆ ಮಾತ್ರ. ಸಣ್ಣ ಪ್ರಮಾಣಕ್ಕೆ ಅವು ಅನ್ವಯಿಸುವುದಿಲ್ಲ. ಜಾಮೀನುದಾರರು ಬೇಕಾಗಬಹುದು, ಪಹಣಿ ಮತ್ತು ಆಧಾರ್ ಇಟ್ಟುಕೊಂಡು ಒಬ್ಬರನ್ನು ತಯಾರು ಮಾಡಿಕೊಳ್ಳಿ.

ಬಂಧಿಸಿದವರನ್ನು ಡಾಕ್ಟರ ಹತ್ತಿರ ತಪಾಸಣೆಗೆ ಕರೆದೊಯ್ಯುತ್ತಾರೆ. ಅಲ್ಲಿ ಬಹಳ ಹುಡುಗರು ತಲೆ ಬಗ್ಗಿಸಿ "ಏನೂ ಇಲ್ಲ ಸರ್" ಅಂದುಬಿಡುತ್ತಾರೆ. ಅವನಿಗೆ ನಿಜವಾಗಿಯೂ ಚಟವಿದ್ದರೆ, ವಕೀಲರ ಜೊತೆ ಮಾತಾಡಿಕೊಂಡು, ಅದನ್ನು ಡಾಕ್ಟರಿಗೆ ಹೇಳುವುದು ಒಳ್ಳೆಯದು: ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಸಲ, ಬಿಟ್ಟರೆ ಏನಾಗುತ್ತದೆ. ಮೊದಲ ದಿನದ ಆ ಚೀಟಿಯಲ್ಲಿ ಬಿದ್ದ ನಾಲ್ಕು ಸಾಲು, ಮುಂದೆ "ಕೇಸಿನಿಂದ ಬಚಾವಾಗಲು ಈಗ ಚಟದ ಕಥೆ ಕಟ್ಟಿದ್ದಾನೆ" ಅನ್ನುವ ವಾದಕ್ಕೆ ಉತ್ತರವಾಗುತ್ತದೆ. ಲಾಕಪ್ಪಿನಲ್ಲಿ ನಡುಕ, ವಾಂತಿ, ಪಿಟ್ಸ್ ಶುರುವಾದರೆ ಕೂಡಲೇ ಆಸ್ಪತ್ರೆಗೆ ಕಳಿಸಿ ಅಂತ ಗಟ್ಟಿಯಾಗಿ ಕೇಳಿ.

ಖಾಲಿ ಹಾಳೆಗೆ ಸಹಿ ಮಾಡಬೇಡಿ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯವಾಗಿ ನಿಲ್ಲುವುದಿಲ್ಲ, ಈ ಕಾಯ್ದೆಯ ತನಿಖಾಧಿಕಾರಿಗಳಿಗೂ ಅದೇ ನಿಯಮ ಅಂತ ಸುಪ್ರೀಂ ಕೋರ್ಟು 2020ರ ತೂಫಾನ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಆದರೂ ಸಹಿ ಮಾಡುವ ಮೊದಲು ಓದಿ.

ಹಂತ 3: ವಕೀಲರು, ಅದೂ ದುಡ್ಡಿಲ್ಲದೆ

ದುಡ್ಡಿಲ್ಲ ಅಂತ ಸುಮ್ನೆ ಕೂರಬೇಡಿ. ಕಸ್ಟಡಿಯಲ್ಲಿರುವವರಿಗೆ, ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಉಳಿದವರಿಗೆ ಆದಾಯದ ಮಿತಿ ಇದೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ತಾಲೂಕಿನ ಕೋರ್ಟಿನಲ್ಲಿ ತಾಲೂಕು ಸಮಿತಿ ಇರುತ್ತದೆ. ಒಂದು ಅರ್ಜಿ ಬರೆದುಕೊಟ್ಟರೆ ಸಾಕು. ಫೋನಿನಲ್ಲಿ ಕೇಳಬೇಕಾದರೆ 15100. ಮಾದಕ ವ್ಯಸನಕ್ಕೆ ಸಿಕ್ಕವರಿಗೆ ಕಾನೂನು ನೆರವು ಕೊಡಲೆಂದೇ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2015ರಲ್ಲಿ ಒಂದು ಯೋಜನೆಯನ್ನೂ ಮಾಡಿದೆ. ಆ ಮಾತನ್ನು ಅರ್ಜಿಯಲ್ಲಿ ಬರೆಯಿರಿ.

ವಕೀಲರನ್ನು ಕೇಳಬೇಕಾದ ಪ್ರಶ್ನೆ ಹೀಗಿರಲಿ: "ಸರ್, ಇವನಿಗೆ 64ಎ ಕೆಳಗೆ ಅರ್ಜಿ ಹಾಕಲು ಬರುತ್ತಾ?"

ಹುಡುಗ ಸೇದಿಯೇ ಇಲ್ಲ, ಸುಮ್ನೆ ಹಿಡಿದುಕೊಂಡು ಹೋಗಿದ್ದಾರೆ ಅನ್ನುವುದಾದರೆ ಈ ದಾರಿ ಹಿಡಿಯಬೇಡಿ. 64ಎ ಕೇಳುವುದು ಅಂದರೆ "ನಾನು ವ್ಯಸನಿ" ಅಂತ ಕೋರ್ಟಿನ ಮುಂದೆ ಹೇಳಿದಂತೆ. ನಿರಪರಾಧಿಯಾದವನು ಕೇಸು ಎದುರಿಸಬೇಕು.

ಇನ್ನೊಂದು, ಯಾವಾಗಲೋ ಒಮ್ಮೆ ಗೆಳೆಯರ ಜೊತೆ ಸೇದಿದವನು. ಕಾಯ್ದೆಯಲ್ಲಿ ವ್ಯಸನಿ ಅಂದರೆ ಆ ವಸ್ತುವಿಗೆ ಅವಲಂಬಿತನಾದವನು, ಅಂದರೆ ಅದಿಲ್ಲದೆ ಇರಲಾಗದವನು. ಒಮ್ಮೆ ಸೇದಿದವನು ಇದರಲ್ಲಿ ಬರುವುದು ಕಷ್ಟ. ಅವನಿಗೆ ಬೇರೆ ದಾರಿ ಇದೆ. ಸೆಕ್ಷನ್ 27ರ ಕೇಸಿಗೆ 1958ರ ಪ್ರೊಬೇಷನ್ ಕಾಯ್ದೆ ಅನ್ವಯಿಸುತ್ತದೆ, ಅಂದರೆ ಶಿಕ್ಷೆ ಕೊಡದೆ ಎಚ್ಚರಿಕೆ ನೀಡಿಯೋ, ಒಳ್ಳೆಯ ನಡತೆಯ ಬಾಂಡ್ ಬರೆಸಿಕೊಂಡೋ ಕೋರ್ಟು ಬಿಡಬಹುದು. ಆದರೆ ಇಟ್ಟುಕೊಂಡಿದ್ದಕ್ಕೆ ಸೆಕ್ಷನ್ 20 ಹಾಕಿದ್ದರೆ, 18 ವರ್ಷ ತುಂಬಿದವರಿಗೆ ಈ ಪ್ರೊಬೇಷನ್ ಸಿಗುವುದಿಲ್ಲ. ನೋಡಿ, ಒಂದೇ ಬೀಡಿ ಗಾಂಜಾಕ್ಕೆ ಯಾವ ಸೆಕ್ಷನ್ ಬಿತ್ತು ಅನ್ನುವುದರ ಮೇಲೆ ಎಷ್ಟು ವ್ಯತ್ಯಾಸ ಆಗುತ್ತದೆ.

ಹಂತ 4: ಮೊದಲ ವಾಯಿದೆಗೆ ತಪ್ಪೊಪ್ಪಿಕೊಂಡು ದಂಡ ಕಟ್ಟಬೇಡಿ

ಸಣ್ಣ ಪ್ರಮಾಣದ ಕೇಸುಗಳನ್ನು ಸಂಕ್ಷಿಪ್ತ ವಿಚಾರಣೆಯಲ್ಲಿ ಬೇಗ ಮುಗಿಸಲು ಅವಕಾಶವಿದೆ. ಹೆಸರು ಕೂಗುತ್ತಾರೆ, "ಒಪ್ಕೊಳ್ತೀಯಾ?" ಅಂತ ಕೇಳುತ್ತಾರೆ, ಹುಡುಗ ಹೂಂ ಅಂತಾನೆ, ದಂಡ ಕಟ್ಟಿ ಮಧ್ಯಾಹ್ನದೊಳಗೆ ಮನೆಗೆ ಬರುತ್ತಾನೆ. ಮನೆಯವರಿಗೆ ಅವತ್ತು ಸಮಾಧಾನ. ಆದರೆ ಅವತ್ತು ಆದದ್ದು ಏನು ಗೊತ್ತಾ? ಅವನು ಕಾನೂನಿನ ಲೆಕ್ಕದಲ್ಲಿ ಅಪರಾಧಿ ಆದ. ನಾಳೆ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಿದರೆ, ಪಾಸ್‌ಪೋರ್ಟ್ ಮಾಡಿಸಿದರೆ, ತೋರಣಗಲ್ಲಿನಲ್ಲೋ ಗಿಣಿಗೇರಿಯಲ್ಲೋ ಕಾರ್ಖಾನೆಯವರು ಪೊಲೀಸ್ ವೆರಿಫಿಕೇಷನ್ ಕೇಳಿದರೆ ಅದು ಎದುರು ಬಂದು ನಿಲ್ಲುತ್ತದೆ. ಮತ್ತೆ ಸಿಕ್ಕಿಬಿದ್ದರೆ ಸೆಕ್ಷನ್ 31ರ ಪ್ರಕಾರ ಶಿಕ್ಷೆಯ ಮಿತಿ ಒಂದೂವರೆ ಪಟ್ಟಾಗಬಹುದು.

ಇಷ್ಟೆಲ್ಲ ಆಗಿ, ಚಟ ಮಾತ್ರ ಇದ್ದ ಹಾಗೇ ಇರುತ್ತದೆ. ನನಗೆ ಅತಿ ಹೆಚ್ಚು ಸಂಕಟ ಆಗುವುದು ಇದಕ್ಕೆ. ದಂಡ ಯಾರ ಚಟವನ್ನೂ ಬಿಡಿಸಿಲ್ಲ. ಆ ಹತ್ತು ಸಾವಿರ ಅವ್ವ ಕೂಲಿ ಮಾಡಿ ಕೂಡಿಟ್ಟದ್ದೋ, ಮೆಣಸಿನಕಾಯಿ ಮಾರಿ ಬಂದದ್ದೋ ಆಗಿರುತ್ತದೆ, ಆರು ತಿಂಗಳಿಗೆ ಹುಡುಗ ಮತ್ತೆ ಅದೇ ಠಾಣೆಯಲ್ಲಿ ಇರುತ್ತಾನೆ.

ಹಾಗಾಗಿ ಮೊದಲ ವಾಯಿದೆಗೆ ವಕೀಲರು ವಕಾಲತ್ತು ಹಾಕಿ, ಚಿಕಿತ್ಸೆಗೆ ಹೋಗುವ ಇರಾದೆ ಇದೆ, ಅರ್ಜಿ ಹಾಕಲು ಸಮಯ ಬೇಕು ಅಂತ ಕೇಳಲಿ. ಮುಂದಿನ ವಾಯಿದೆ ಯಾವತ್ತು ಅಂತ ತಿಳಿಯಲು ಕೇಸಿಗೊಂದು 16 ಅಕ್ಷರ ಮತ್ತು ಅಂಕಿಗಳ ಸಿಎನ್‌ಆರ್ ನಂಬರ್ ಇರುತ್ತದೆ. ಅದನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದರೆ ದಿನಾಂಕ ಕಾಣುತ್ತದೆ. ವಾಯಿದೆ ತಪ್ಪಿಸಿದರೆ ವಾರಂಟ್ ಬರುತ್ತದೆ, ಆಗ ಚಿಕಿತ್ಸೆಯ ಮಾತು ಯಾರೂ ಕೇಳುವುದಿಲ್ಲ.

ಹಂತ 5: ಆಸ್ಪತ್ರೆ ಆರಿಸುವುದು (ಕೇಸು ಕೆಡುವುದು ಜಾಸ್ತಿ ಇಲ್ಲಿ)

ಸೆಕ್ಷನ್ನಿನಲ್ಲಿ ಎರಡು ಮಾತಿವೆ: 'ತಾನಾಗಿಯೇ' ಮತ್ತು 'ಸರ್ಕಾರ ನಡೆಸುವ ಅಥವಾ ಮಾನ್ಯ ಮಾಡಿದ'. ಇವೆರಡನ್ನೂ ಹಿಡಿದುಕೊಂಡೇ ಆಸ್ಪತ್ರೆ ಆರಿಸಿ.

ನಮ್ಮ ಭಾಗದಲ್ಲಿ ಗಟ್ಟಿಯಾದ ಜಾಗ ಅಂದರೆ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಮನೋವೈದ್ಯಕೀಯ ವಿಭಾಗ. ಬಳ್ಳಾರಿಯಲ್ಲಿ ಜನ ಈಗಲೂ ವಿಮ್ಸ್ ಅಂತಲೇ ಕರೆಯುವ ಆಸ್ಪತ್ರೆ, ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್. ತೊಡಕಿನ ಕೇಸಾದರೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. ಕೇಂದ್ರ ಸರ್ಕಾರದ ಅನುದಾನದಲ್ಲಿ ಸಂಸ್ಥೆಗಳು ನಡೆಸುವ ವ್ಯಸನಿಗಳ ಸಮಗ್ರ ಪುನರ್ವಸತಿ ಕೇಂದ್ರಗಳೂ ಇವೆ. ನಿಮಗೆ ಹತ್ತಿರದ್ದು ಯಾವುದು ಅಂತ 14446ಕ್ಕೆ ಫೋನ್ ಮಾಡಿ ಕೇಳಿ, ಅದು ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ. ಮನಸ್ಸಿನ ತೊಂದರೆಗೆ ಇರುವ ಟೆಲಿ ಮಾನಸ್ ನಂಬರ್ 14416. ಎರಡಕ್ಕೂ ಒಂದೇ ಅಂಕಿ ವ್ಯತ್ಯಾಸ, ಬರೆದಿಟ್ಟುಕೊಳ್ಳಿ.

ಖಾಸಗಿ ಕೇಂದ್ರಕ್ಕೇ ಹೋಗುವುದಾದರೆ ಎರಡು ಕಾಗದ ಕೇಳಿ: 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿಯ ನೋಂದಣಿ, ಮತ್ತು ಸರ್ಕಾರದ ಮಾನ್ಯತೆ. ಗೋಡೆಗೆ ಹಾಕಿದ ಫ್ರೇಮ್ ನೋಡಿ ಸಮಾಧಾನ ಪಡಬೇಡಿ, ನಕಲು ಇಸ್ಕೊಳ್ಳಿ. ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿ.

ರಾತ್ರಿ ಜೀಪು ತಂದು, ನಾಲ್ಕು ಜನ ಹಿಡಿದು, ಹುಡುಗನನ್ನು ಎತ್ತಿಹಾಕಿಕೊಂಡು ಹೋಗುವ ಕೇಂದ್ರಗಳಿವೆ. ಅವನ್ನು ದೂರ ಇಡಿ. ಸರಪಳಿ ಹಾಕುವುದು ಆ ಕಾಯ್ದೆಯ ಪ್ರಕಾರ ಪೂರ್ತಿ ನಿಷಿದ್ಧ. ಅಲ್ಲದೆ, ಎಳೆದುಕೊಂಡು ಹೋಗಿ ಕೂಡಿಹಾಕಿದ್ದನ್ನು 'ತಾನಾಗಿಯೇ ಪಡೆದ ಚಿಕಿತ್ಸೆ' ಅಂತ ಕೋರ್ಟಿನಲ್ಲಿ ಹೇಗೆ ಹೇಳುತ್ತೀರಿ? ಹುಡುಗ ಒಪ್ಪದಿದ್ದರೆ ಒಪ್ಪಿಸಿ. ಎರಡು ದಿನ ತಡವಾಗಲಿ. ಅಪ್ಪ ಬೈದರೆ ಕೇಳದವನು ಮಾವ ಕೂತು ಮಾತಾಡಿದರೆ ಕೇಳಬಹುದು.

ಹುಲಿಗೆಮ್ಮನ ಮುಂದೆ ಆಣೆ ಹಾಕಿಸುವುದು, ಪಂಢರಪುರದ ತುಳಸಿ ಮಾಲೆ ಹಾಕಿಸುವುದು, ಮದ್ಯವರ್ಜನ ಶಿಬಿರಕ್ಕೆ ಕಳಿಸುವುದು, ಇವೆಲ್ಲ ನಮ್ಮ ಕಡೆ ಇದ್ದದ್ದೇ. ಮನಸ್ಸಿಗೆ ಬಲ ಬರುವುದಾದರೆ ಅದನ್ನೂ ಮಾಡಿ, ಬೇಡ ಅನ್ನುವುದಿಲ್ಲ. ಆದರೆ 64ಎ ಲೆಕ್ಕಕ್ಕೆ ಅವು ಬರುವುದಿಲ್ಲ, ಆಸ್ಪತ್ರೆ ಚಿಕಿತ್ಸೆ ಬೇಕೇ ಬೇಕು.

"ಆಸ್ಪತ್ರೆಯವರು ಪೊಲೀಸರಿಗೆ ಹೇಳಿಬಿಟ್ಟರೆ?" ಅನ್ನುವ ಹೆದರಿಕೆ ಬೇಡ. ರೋಗಿಯ ವಿಷಯ ಗುಟ್ಟಾಗಿಡುವುದನ್ನು ಅದೇ 2017ರ ಕಾಯ್ದೆ ಹಕ್ಕು ಅಂತ ಹೇಳಿದೆ. ಕೇಸು ಬೀಳುವ ಮೊದಲೇ ಹೋಗುವುದು ಎಲ್ಲಕ್ಕಿಂತ ಒಳ್ಳೆಯದು.

ಹಂತ 6: ಡಾಕ್ಟರ ಚೀಟಿಯಲ್ಲಿ ಏನಿರಬೇಕು

ಇದನ್ನು ಹತ್ತಿರದಿಂದ ತೋರಿಸುತ್ತೇನೆ. ಮೊನ್ನೆ ಒಬ್ಬ ತಾಯಿ ಬಟ್ಟೆ ಅಂಗಡಿ ಕವರಿನಲ್ಲಿ ಮಡಚಿಟ್ಟ ಕಾಗದ ತಂದಿದ್ದರು. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಅಂಚಿಗೆ ಅರಿಶಿನದ ಕಲೆ. ಹನ್ನೆರಡು ದಿನ ಒಳರೋಗಿಯಾಗಿ ಇದ್ದದ್ದು ನಿಜ, ಸಹಿ ಇತ್ತು, ಸೀಲು ಇತ್ತು. ಆದರೆ ಎಫ್‌ಐಆರ್‌ನಲ್ಲಿ ಹುಡುಗನ ಹೆಸರಿನ ಮುಂದೆ ಅಪ್ಪನ ಹೆಸರು, ಚೀಟಿಯಲ್ಲಿ ಮನೆತನದ ಹೆಸರು, ಆಧಾರಿನಲ್ಲಿ ಮೂರನೆಯದೇ ಒಂದು. ರೋಗ ಅನ್ನುವ ಕಡೆ ಬರೀ 'ಸೇವನೆಯ ಇತಿಹಾಸ' ಅಂತಿತ್ತು. ಅವಲಂಬನೆ ಇದೆಯೋ ಇಲ್ಲವೋ, ಒಂದು ಪದವೂ ಇಲ್ಲ. ಹನ್ನೆರಡು ದಿನದ ಕಷ್ಟ ಆ ಕಾಗದದಲ್ಲಿ ಕಾಣುತ್ತಲೇ ಇರಲಿಲ್ಲ. ಮತ್ತೆ ಹೋಗಿ ಸರಿಪಡಿಸಿಕೊಂಡು ಬರಲು ಒಂದು ವಾಯಿದೆ ದಾಟಿತು.

ಅದಕ್ಕೇ ಹೇಳುವುದು, ಓಪಿಡಿ ಚೀಟಿ ಮಾಡಿಸುವಾಗಲೇ ಆಧಾರ್ ಮತ್ತು ಎಫ್‌ಐಆರ್ ಎರಡನ್ನೂ ಮುಂದಿಟ್ಟುಕೊಂಡು ಹೆಸರು ಬರೆಸಿ. ಹೆಸರು ಬೇರೆ ಬೇರೆ ಇದ್ದರೆ 'ಉರುಫ್' ಅಂತ ಎರಡನ್ನೂ ಬರೆಸಿ. ಡಾಕ್ಟರು ರೋಗಕ್ಕೆ ಒಂದು ಸಂಕೇತ ಸಂಖ್ಯೆ ಬರೆಯುತ್ತಾರೆ. ಎಫ್11 ಅಂದರೆ ಅಫೀಮು ಜಾತಿಯದು, ಎಫ್12 ಗಾಂಜಾ, ಎಫ್13 ನಿದ್ದೆ ಮಾತ್ರೆ. ಅದರ ಮುಂದೆ ಚುಕ್ಕೆ 1 ಇದ್ದರೆ ಹಾನಿಕರ ಬಳಕೆ, ಚುಕ್ಕೆ 2 ಇದ್ದರೆ ಅವಲಂಬನೆ. ಕಾಯ್ದೆಯಲ್ಲಿ ವ್ಯಸನಿ ಅಂದರೆ ಅವಲಂಬಿತ ಅಂತ ಆಗಲೇ ಹೇಳಿದೆನಲ್ಲ, ಆದ್ದರಿಂದ ಚುಕ್ಕೆ 2 ಬಹಳ ಮುಖ್ಯ. ಹಾಗಂತ ಇಲ್ಲದ್ದನ್ನು ಬರೆದುಕೊಡಿ ಅಂತ ಡಾಕ್ಟರಿಗೆ ಗಂಟುಬೀಳಬೇಡಿ. ಅವನ ನಿಜವಾದ ಸ್ಥಿತಿಯನ್ನು ಮುಚ್ಚಿಡದೆ ಹೇಳಿ. ಬೆಳಗ್ಗೆ ಎದ್ದ ಕೂಡಲೇ ಬೇಕಾ, ಬಿಡಲು ಎಷ್ಟು ಸಲ ನೋಡಿದ, ಬಿಟ್ಟಾಗ ನಿದ್ದೆ ಊಟ ಹೇಗಿತ್ತು, ಕೆಲಸ ಬಿಟ್ಟನಾ. ನಾಚಿಕೆಯಿಂದ ಮನೆಯವರು ಅರ್ಧ ಹೇಳಿದರೆ ಡಾಕ್ಟರು ಬರೆಯುವುದೂ ಅರ್ಧ.

ಹಂತ 7: ಅರ್ಜಿ

64ಎಗೆ ಕಾಯ್ದೆಯಲ್ಲಿ ಸಿದ್ಧ ಫಾರಂ ಇಲ್ಲ. ವಕೀಲರು ಅರ್ಜಿ ಬರೆದು, ಹುಡುಗನ ಪ್ರಮಾಣಪತ್ರ ಜೊತೆಗಿಟ್ಟು, ಕೇಸು ನಡೆಯುತ್ತಿರುವ ಕೋರ್ಟಿಗೇ ಹಾಕುತ್ತಾರೆ. ಪ್ರಮಾಣಪತ್ರದಲ್ಲಿ ಅವನು ವ್ಯಸನಿ ಅನ್ನುವುದು, ಯಾರ ಒತ್ತಾಯವೂ ಇಲ್ಲದೆ ಚಿಕಿತ್ಸೆ ಬಯಸುತ್ತಿರುವುದು, ಯಾವ ಆಸ್ಪತ್ರೆ, ಪೂರ್ತಿ ಮುಗಿಸುತ್ತೇನೆ ಅನ್ನುವ ಮಾತು, ಇಷ್ಟಿರಬೇಕು. ಸರ್ಕಾರಿ ವಕೀಲರು ಆಕ್ಷೇಪಣೆ ಹಾಕಬಹುದು. ಅವರು ಹಿಡಿಯುವುದು ಸಾಮಾನ್ಯವಾಗಿ ಎರಡೇ ಎಳೆ: ಇವನು ವ್ಯಸನಿ ಅಲ್ಲ, ಅಥವಾ ಇವನು ಸೇದುವವನಲ್ಲ, ಮಾರುವವನು.

ಎರಡನೆಯದಕ್ಕೆ ಹುಡುಗರು ತಾವಾಗಿಯೇ ಸಿಕ್ಕಿಕೊಳ್ಳುತ್ತಾರೆ. ಐದು ಜನ ಗೆಳೆಯರು ದುಡ್ಡು ಕೂಡಿಸಿ ಒಬ್ಬನಿಗೆ ಫೋನ್‌ಪೇ ಮಾಡುತ್ತಾರೆ, ಅವನು ಹೋಗಿ ತರುತ್ತಾನೆ. ಮೊಬೈಲ್ ತೆಗೆದು ನೋಡಿದರೆ ಐದು ಕಡೆಯಿಂದ ಹಣ ಬಂದಿದೆ, ಚೀಲದಲ್ಲಿ ಐದು ಪ್ಯಾಕೆಟ್ ಇದೆ. ಅವನು ಮಾರುವವನಲ್ಲ ಅಂತ ತೋರಿಸುವುದು ಎಷ್ಟು ಕಷ್ಟ ಅಲ್ವಾ? ಇದ್ದ ಸಂಗತಿಯನ್ನು ವಕೀಲರಿಗೆ ಮೊದಲೇ ಹೇಳಿ. ಹೆದರಿ ಮೊಬೈಲಿನಲ್ಲಿರುವುದನ್ನು ಅಳಿಸಬೇಡಿ, ಸಾಕ್ಷ್ಯ ನಾಶ ಅಂತ ಇನ್ನೊಂದು ಕೇಸಾಗುತ್ತದೆ.

ಅರ್ಜಿ ಆದಷ್ಟು ಬೇಗ ಹಾಕಿ. ತಡವಾಗಿದೆ ಅಂತ ಕೈಬಿಡಲೂ ಬೇಡಿ. 2001ರಲ್ಲಿ ಕೊಕೇನ್ ಕೇಸಿನಲ್ಲಿ ಸಿಕ್ಕಿದ್ದ ಮುಂಬೈನ ಚಿತ್ರನಟರೊಬ್ಬರು ಅಲ್ಲಿನ ಸಾರ್ವಜನಿಕ ಆಸ್ಪತ್ರೆಯಲ್ಲಿ ಚಿಕಿತ್ಸೆ ಮುಗಿಸಿ, 2012ರಲ್ಲಿ ಇದೇ 64ಎ ಕೆಳಗೆ ರಕ್ಷಣೆ ಪಡೆದರು. ಸಿನಿಮಾದವರಿಗೆ ಸಿಕ್ಕ ಸೆಕ್ಷನ್ ಸಿರುಗುಪ್ಪದ ಹಮಾಲಿ ಹುಡುಗನಿಗೂ ಅದೇ ಸೆಕ್ಷನ್.

ಹಂತ 8: ಚಿಕಿತ್ಸೆ ಮುಗಿಸುವುದು

ಮೈಯಿಂದ ಅಮಲು ಇಳಿಸುವುದು ಮೊದಲ ಭಾಗ ಮಾತ್ರ. ಅಫೀಮು ಜಾತಿಯದಕ್ಕೆ ಇದು ಹೆಚ್ಚುಕಡಿಮೆ ಎರಡು ವಾರ. ಗಾಂಜಾ ಬಿಟ್ಟವರಿಗೆ ಮೊದಲ ವಾರ ಸಿಟ್ಟು, ನಿದ್ದೆಗೇಡು, ಊಟ ಸೇರದಿರುವುದು ಜೋರಾಗಿರುತ್ತದೆ, ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಇದಾದ ಮೇಲೆ ಆಪ್ತಸಮಾಲೋಚನೆ, ತಿಂಗಳುಗಟ್ಟಲೆ ಓಪಿಡಿ ಭೇಟಿ. ಹುಡುಗ ಮೈತುಂಬಿಕೊಂಡು ಮನೆಗೆ ಬಂದ ಕೂಡಲೇ "ಸರಿ ಹೋದ" ಅಂತ ಬತ್ತದ ಕಟಾವಿಗೋ, ಜೀನ್ಸ್ ಹೊಲಿಯಲಿಕ್ಕೋ ಕಳಿಸಿಬಿಡುತ್ತಾರೆ. ಕಳಿಸಿ, ಆದರೆ ಓಪಿಡಿ ತಾರೀಖು ತಪ್ಪಿಸಬೇಡಿ. 'ಪೂರ್ತಿ ಚಿಕಿತ್ಸೆ' ಅಂತ ಬರೆದುಕೊಡುವವರು ಡಾಕ್ಟರು, ನಾವಲ್ಲ.

ಮೂತ್ರ ಪರೀಕ್ಷೆಗೆ ಗಾಬರಿಯಾಗಬೇಡಿ. ದಿನಾ ಸೇದುತ್ತಿದ್ದವರ ಮೂತ್ರದಲ್ಲಿ ಬಿಟ್ಟು ತಿಂಗಳಾದರೂ ಗಾಂಜಾ ಕಾಣಬಹುದು. ಅದನ್ನು ಡಾಕ್ಟರಿಂದ ಬರೆಸಿ ಇಟ್ಟುಕೊಳ್ಳಿ. ಹೆರಾಯಿನ್ ಚಟದವರಿಗೆ ಬುಪ್ರೆನಾರ್ಫಿನ್ ಮಾತ್ರೆ ಕೊಟ್ಟರೆ ಅದು ಚಿಕಿತ್ಸೆಯೇ, "ಮತ್ತೊಂದು ಚಟ ಹತ್ತಿಸ್ತಾರೆ" ಅಂತ ಅಕ್ಕಪಕ್ಕದವರ ಮಾತು ಕೇಳಿ ನಿಲ್ಲಿಸಬೇಡಿ.

ನಡುವೆ ಒಮ್ಮೆ ಜಾರಿದನಾ? ಮುಚ್ಚಿಡಬೇಡಿ. ಮರುದಿನವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಜಾರಿ ಮತ್ತೆ ಬಂದವನ ಚೀಟಿಯಲ್ಲಿ ಚಿಕಿತ್ಸೆ ಮುಂದುವರಿದಿದೆ ಅಂತ ಇರುತ್ತದೆ. ಹೆದರಿ ಬರದೇ ಇದ್ದವನ ಚೀಟಿಯಲ್ಲಿ ಚಿಕಿತ್ಸೆ ಬಿಟ್ಟ ಅಂತ ಇರುತ್ತದೆ. ರಕ್ಷಣೆ ಹೋಗುವುದು ಎರಡನೆಯವನದು.

ಹಂತ 9: ಕೋರ್ಟು ಒಪ್ಪದಿದ್ದರೆ

ಅರ್ಜಿ ವಜಾ ಆದರೆ ಮೇಲಿನ ಕೋರ್ಟಿಗೆ ಹೋಗಬಹುದು. ಹೈಕೋರ್ಟಿನ ತನಕ ಹೋಗುವುದಾದರೆ ಬಳ್ಳಾರಿ ಮತ್ತು ಕೊಪ್ಪಳದವರಿಗೆ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ ಪೀಠ.

ಕೇಸು ನಡೆದು ತಪ್ಪಿತಸ್ಥ ಅಂತ ಆದರೂ ಸೆಕ್ಷನ್ 39 ಉಳಿದಿರುತ್ತದೆ. ಶಿಕ್ಷೆ ಹೇಳುವ ಮೊದಲೇ ವಕೀಲರು ಅದನ್ನು ಎತ್ತಬೇಕು. ವಯಸ್ಸು, ನಡತೆ, ಹಿಂದಿನ ಕೇಸು, ಮೈಮನಸ್ಸಿನ ಸ್ಥಿತಿ ನೋಡಿ ಕೋರ್ಟು ಚಿಕಿತ್ಸೆಗೆ ಬಿಡಬಹುದು. ಒಂದು ವರ್ಷದೊಳಗೆ ಚಿಕಿತ್ಸೆಯ ವರದಿ ಕೊಡಬೇಕು. ವರದಿ ಸರಿಯಿದ್ದರೆ, ಮೂರು ವರ್ಷದವರೆಗಿನ ಅವಧಿಗೆ ಈ ಕಾಯ್ದೆಯ ತಪ್ಪು ಮಾಡುವುದಿಲ್ಲ ಅಂತ ಬಾಂಡ್ ಬರೆಸಿಕೊಂಡು ಎಚ್ಚರಿಕೆ ನೀಡಿ ಬಿಡುತ್ತಾರೆ. ಆಸ್ಪತ್ರೆ ಕಾಗದಗಳನ್ನು ಮೊದಲಿಂದ ಜೋಡಿಸಿಟ್ಟವರಿಗೆ ಇಲ್ಲೂ ಅವೇ ಕೈಹಿಡಿಯುತ್ತವೆ.

ಹುಡುಗನಿಗೆ 18 ತುಂಬಿಲ್ಲದಿದ್ದರೆ ಇದ್ಯಾವುದೂ ಅಲ್ಲ, ಅವನನ್ನು ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಶಾಲೆಯ ಜನ್ಮ ದಿನಾಂಕದ ದಾಖಲೆ ಹಿಡಿದುಕೊಂಡು ಅವತ್ತೇ ಠಾಣೆಗೆ ಹೋಗಿ. ಅವನಿಗೆ ಕೊಟ್ಟವರ ಮೇಲೆ 2015ರ ಬಾಲ ನ್ಯಾಯ ಕಾಯ್ದೆಯ ಸೆಕ್ಷನ್ 77ರಲ್ಲಿ ಏಳು ವರ್ಷದವರೆಗೆ ಶಿಕ್ಷೆ ಇದೆ, ದೂರು ಕೊಡಿ.

ಹಂತ 10: ಆದೇಶ ಬಂದ ಮೇಲೆ

ಆದೇಶದ ದೃಢೀಕೃತ ನಕಲಿಗೆ ಅವತ್ತೇ ಅರ್ಜಿ ಹಾಕಿ. ಎರಡು ಪ್ರತಿ ತೆಗೆದುಕೊಳ್ಳಿ. ಒಂದನ್ನು ಠಾಣೆಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ತಲುಪಿದ ಸೀಲು ಹಾಕಿಸಿಕೊಳ್ಳಿ, ಮುಂದೆ ವೆರಿಫಿಕೇಷನ್ ಬಂದಾಗ ಠಾಣೆಯ ದಾಖಲೆಯಲ್ಲಿ ಕೇಸು ಇನ್ನೂ ಬಾಕಿ ಅಂತ ಇರಬಾರದು. ಮುದ್ದೆಮಾಲಿನಲ್ಲಿ (ಪೊಲೀಸರು ಜಪ್ತಿ ಮಾಡಿದ ವಸ್ತುಗಳಲ್ಲಿ) ಹೋದ ಮೊಬೈಲು, ಬೈಕು ವಾಪಸ್ ಪಡೆಯಲು ಬೇರೆ ಅರ್ಜಿ ಬೇಕು. ಜಾಮೀನುದಾರರ ಕಾಗದ ಬಿಡಿಸಿಕೊಡಿ, ಪಹಣಿ ಇಟ್ಟ ದೊಡ್ಡಪ್ಪನಿಗೆ ಬೆಳೆಸಾಲ ತೆಗೆಯಬೇಕಾಗಿರುತ್ತದೆ.

ಎಲ್ಲ ಕಾಗದವನ್ನೂ ಒಂದೇ ಫೈಲಿನಲ್ಲಿ ತಾರೀಖಿನ ಪ್ರಕಾರ ಜೋಡಿಸಿ ಟ್ರಂಕಿನಲ್ಲಿಡಿ. ಫೈಲಿನ ಮೇಲ್ಗಡೆ ಮುಂದಿನ ಓಪಿಡಿ ತಾರೀಖಿನ ಚೀಟಿ ಇರಲಿ. ಕೋರ್ಟಿನ ವಾಯಿದೆಗಳು ಮುಗಿದರೂ ಆ ತಾರೀಖುಗಳು ಇನ್ನೂ ಇರುತ್ತವೆ.